ಭೀಮೆ ದಾಟಿ ಬಂದವರ ಸಾಕ್ಷ್ಯ

ಮುಹರ್ರಂ ತಿಂಗಳ ಜುಮಾ ಖುತ್ಬಾಗಳಲ್ಲಿ ನಮ್ಮ ಖತೀಬರು ಹಿಜ್ರತ್‌ನ ವಿಷಯವನ್ನು ತಪ್ಪದೆ ಎತ್ತಿಕೊಳ್ಳುತ್ತಾರೆ. ಮಕ್ಕಾದ ದಬ್ಬಾಳಿಕೆ ತಾಳಲಾರದೆ ಮೊದಲ ಮುಸ್ಲಿಮರು ಮನೆಮಾರು ಬಿಟ್ಟು ಹೊರಟದ್ದನ್ನು ನಾವೆಲ್ಲ ಕೇಳುತ್ತ ಬಂದಿದ್ದೇವೆ. ಆ ಸಂಗತಿಗಳು ಹದಿನಾಲ್ಕು ಶತಮಾನ ದಾಟಿ ನಮ್ಮ ಕಿವಿಗೆ ಹೇಗೆ ತಲುಪಿದವು ಎಂದು ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಓಡಿಹೋದವರಲ್ಲಿ ಯಾರೋ ಒಬ್ಬರು ಕಂಡದ್ದನ್ನು ಕಂಡಂತೆ ಹೇಳಿದ್ದರಿಂದ, ಇನ್ನೊಬ್ಬರು ಅದನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟಿದ್ದರಿಂದ ಅವು ಉಳಿದವು.

ಹಾಗೆ ಹೇಳಿದವರಲ್ಲಿ ಹಜ್ರತ್ ಉಮ್ಮು ಸಲಮಾ(ರ) ಮುಖ್ಯರು. ಕ್ರಿ.ಶ. 615ರ ಸುಮಾರಿಗೆ ಅವರು ಗಂಡನೊಂದಿಗೆ ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋದರು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತ. ಓಡಿಹೋದವರನ್ನು ಮರಳಿ ಹಿಡಿದು ತರಲು ಕುರೈಶರು ಕಾಣಿಕೆಗಳ ಸಹಿತ ಇಬ್ಬರು ದೂತರನ್ನು ಕಳಿಸಿದರು. ದೊರೆ ಎರಡೂ ಕಡೆಯ ಮಾತು ಕೇಳಿದ. ಹಜ್ರತ್ ಜಾಫರ್ ಬಿನ್ ಅಬೀತಾಲಿಬ್(ರ) ಮುಸ್ಲಿಮರ ಪರವಾಗಿ ಮಾತಾಡಿ ಮರ್ಯಮ್ ಅಧ್ಯಾಯದ ಭಾಗವನ್ನು ಓದಿದರು. ದೊರೆ ಕಾಣಿಕೆಗಳನ್ನು ತಿರುಗಿ ಕೊಟ್ಟು, ಆಶ್ರಯ ಬೇಡಿ ಬಂದವರನ್ನು ಒಪ್ಪಿಸಲು ನಿರಾಕರಿಸಿದ. ಇಬ್ನ್ ಇಸ್‌ಹಾಕರ ಸೀರಾ ಗ್ರಂಥದಲ್ಲಿರುವ ಈ ವೃತ್ತಾಂತಕ್ಕೆ ಮೂಲ ಉಮ್ಮು ಸಲಮಾ(ರ) ಅವರ ಮಾತು.

ಅವರ ಎರಡನೆಯ ಪ್ರಯಾಣದ ಕಥೆ ಇನ್ನೂ ಕಠಿಣವಾದದ್ದು. ಮದೀನಾಕ್ಕೆ ಹೊರಟಾಗ ತವರಿನವರು ಅವರನ್ನು ತಡೆದರು. ಗಂಡನ ಕಡೆಯವರು ಮಗುವನ್ನು ಕಿತ್ತುಕೊಂಡರು. ಆ ಎಳೆದಾಟದಲ್ಲಿ ಮಗುವಿನ ತೋಳು ಉಳುಕಿತು. ಗಂಡ ಒಂದು ಕಡೆ, ಮಗ ಒಂದು ಕಡೆ, ತಾವೊಂದು ಕಡೆಯಾಗಿ ಒಂದು ವರ್ಷದ ಹತ್ತಿರ ದಿನವೂ ಬಯಲಲ್ಲಿ ಕೂತು ಅತ್ತರು. ಕೊನೆಗೆ ಬಿಡುಗಡೆ ಸಿಕ್ಕಾಗ ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರೇ ಒಂಟೆ ಏರಿ ಹೊರಟರು. ದಾರಿಯಲ್ಲಿ ಸಿಕ್ಕ ಉಸ್ಮಾನ್ ಬಿನ್ ತಲ್ಹಾ ಆಗಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಆತ ಒಂಟೆಯ ಹಗ್ಗ ಹಿಡಿದು, ತಂಗುವ ಕಡೆಯಲ್ಲೆಲ್ಲ ಮರ್ಯಾದೆಯಿಂದ ದೂರ ಸರಿದು ನಿಂತು, ಅವರನ್ನು ಕುಬಾದವರೆಗೆ ತಲುಪಿಸಿ ಮಕ್ಕಾಕ್ಕೆ ಹಿಂದಿರುಗಿದ. ತನ್ನನ್ನು ಹಿಂಸಿಸಿದ ಬಂಧುಗಳ ಬಗ್ಗೆ ಹೇಳಿದ ಅದೇ ಬಾಯಿಂದ ಉಮ್ಮು ಸಲಮಾ(ರ) ಈ ಮನುಷ್ಯನ ದೊಡ್ಡತನವನ್ನೂ ಹೇಳಿದರು. ಹಿಂಸೆ ಮಾಡಿದವರು ಸ್ವಂತ ರಕ್ತಸಂಬಂಧಿಗಳು, ಕೈಹಿಡಿದು ದಾಟಿಸಿದವನು ಬೇರೆ ನಂಬಿಕೆಯವನು. ಎರಡನ್ನೂ ಅವರು ಮುಚ್ಚಿಡಲಿಲ್ಲ.

ಇಂಥ ಸಾಕ್ಷ್ಯವನ್ನು ಪರಂಪರೆಯಾಗಿ ಪಡೆದ ನಾವು ನಮ್ಮದೇ ನೆಲದಲ್ಲಿ ನಡೆದ ವಲಸೆಗಳ ಬಗ್ಗೆ ಏನು ಹೇಳುತ್ತ ಬಂದಿದ್ದೇವೆ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಬದುಕುವ ನಮಗೆ ಈ ಪ್ರಶ್ನೆ ದೂರದ್ದಲ್ಲ.

ನಮ್ಮ ಬಾಗಿಲಲ್ಲಿದ್ದ ಗಡಿ

ಈಗಿನ ಹುಡುಗರಿಗೆ ಅಫಜಲಪುರವೆಂದರೆ ಪಕ್ಕದ ಜಿಲ್ಲೆಯ ಊರು, ಸೇತುವೆ ದಾಟಿದರೆ ಮುಗಿಯಿತು. 1948ರಲ್ಲಿ ಅದು ಬೇರೆ ರಾಜ್ಯ. ನಮ್ಮ ನಾಲ್ಕೂ ತಾಲೂಕುಗಳು ಆಗ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿದ್ದವು. ಇಂಡಿ ಮತ್ತು ಸಿಂದಗಿಯ ಆಚೆ ಭೀಮೆಯ ಇನ್ನೊಂದು ದಡದಲ್ಲಿ ಅಫಜಲಪುರ, ಸಿಂದಗಿಯ ಮೂಡಣಕ್ಕೆ ಜೇವರ್ಗಿ, ಮುದ್ದೇಬಿಹಾಳದ ಮೂಡಣಕ್ಕೆ ಸುರಪುರ ಸೀಮೆ, ಇವೆಲ್ಲ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಬಾಗೇವಾಡಿ ಗಡಿಗೆ ಹತ್ತಿಕೊಂಡಿರದ ಒಳಗಿನ ತಾಲೂಕು. ಇಲ್ಲಿ ಕಲದಾರ ರೂಪಾಯಿ ನಡೆಯುತ್ತಿತ್ತು, ಅಲ್ಲಿ ನಿಜಾಮರ ಹಾಲಿ ಸಿಕ್ಕಾ. ಅಲ್ಲಿ ಕಚೇರಿಯ ಭಾಷೆ ಉರ್ದು. ಗಡಿಯ ಉದ್ದಕ್ಕೂ ನಿಜಾಮ್ ಸರ್ಕಾರದ ಸುಂಕ ವಸೂಲಿಯ ಕರೋಡಗಿರಿ ನಾಕಾಗಳು.

ಗಡಿ ಸರ್ಕಾರಗಳಿಗೆ ಸೇರಿದ್ದು. ಜನರ ಕೊಡುಕೊಳ್ಳುವಿಕೆ ಅದನ್ನು ಲೆಕ್ಕಿಸುತ್ತಿರಲಿಲ್ಲ. ಸಂತೆ, ಉರುಸು, ಜಾತ್ರೆ, ಮದುವೆ ಎಲ್ಲವೂ ಹೊಳೆಯ ಎರಡೂ ದಡಗಳಿಗೆ ಸೇರಿದ್ದವು. ಈ ಕಡೆಯ ಮಗಳು ಆ ಕಡೆಯ ಸೊಸೆ. ಕಲಬುರ್ಗಿಯ ಬಂದೇನವಾಜರ ಉರುಸಿಗೆ ಹೋಗುವವರು ಮುಸ್ಲಿಮರಷ್ಟೇ ಆಗಿರಲಿಲ್ಲ. ಆದ್ದರಿಂದ ಆ ದಡದಲ್ಲಿ ಬೆಂಕಿ ಬಿದ್ದಾಗ ಅದರ ಬಿಸಿ ಈ ದಡಕ್ಕೆ ತಟ್ಟದೆ ಇರಲಿಲ್ಲ.

1947 ಮತ್ತು 1948ರ ನಡುವಿನ ಕಾಲಕ್ಕೆ ನಮ್ಮ ಕಡೆ ಎರಡು ಹೆಸರುಗಳಿವೆ. ಹಿಂದೂ ಹಿರಿಯರು ಅದನ್ನು ರಜಾಕಾರರ ಹಾವಳಿ ಎನ್ನುತ್ತಾರೆ. ಮುಸ್ಲಿಂ ಹಿರಿಯರು ಪೊಲೀಸ್ ಆಕ್ಷನ್ ಎನ್ನುತ್ತಾರೆ. ಒಂದೇ ವರ್ಷದ ಎರಡು ಅರ್ಧಗಳಿಗೆ ಇಟ್ಟ ಹೆಸರುಗಳು ಇವು. ಪ್ರತಿ ಮನೆಯೂ ತನಗೆ ನೋವಾದ ಅರ್ಧವನ್ನಷ್ಟೇ ನೆನಪಿಟ್ಟುಕೊಂಡಿತು. ಈ ಎರಡು ಅರ್ಧಗಳನ್ನು ಒಂದೇ ಪುಟದಲ್ಲಿಟ್ಟು ನೋಡಬೇಕು ಎಂಬುದು ನಮ್ಮ ಮಾತು.

ಮೊದಲ ವಲಸೆ

ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ಅವುಗಳಲ್ಲಿ ಕಲಬುರ್ಗಿ, ರಾಯಚೂರು, ಬೀದರ್ ಕನ್ನಡದವು. ಜನಸಂಖ್ಯೆ ಸುಮಾರು 1 ಕೋಟಿ 60 ಲಕ್ಷ, ಮುಸ್ಲಿಮರು ಹೆಚ್ಚುಕಡಿಮೆ ಎಂಟರಲ್ಲಿ ಒಂದು ಪಾಲು. ಜಾಗೀರುದಾರರ ಹಿಡಿತದಲ್ಲಿದ್ದ ಹಳ್ಳಿಗಳಲ್ಲಿ ರೈತನ ಮಾತಿಗೆ ಬೆಲೆ ಇರಲಿಲ್ಲ. ಸಭೆ ಸೇರಬೇಕಾದರೂ ಅಪ್ಪಣೆ ಬೇಕಿತ್ತು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟಾಗ ಅದು ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾಯಿತು. ಆ ನಿಷೇಧ ತೆರವಾದದ್ದು 1946ರಲ್ಲಿ.

1927ರಲ್ಲಿ ಹುಟ್ಟಿದ ಮಜ್ಲಿಸೆ ಇತ್ತೆಹಾದುಲ್ ಮುಸ್ಲಿಮೀನ್ ಕ್ರಮೇಣ ‘ಅನಲ್ ಮಲಿಕ್’, ಅಂದರೆ ‘ನಾನೇ ರಾಜ’ ಎಂಬ ವಿಚಾರವನ್ನು ಹರಡಿತು. ಸಂಸ್ಥಾನದ ಪ್ರತಿಯೊಬ್ಬ ಮುಸ್ಲಿಮನೂ ದೊರೆತನದಲ್ಲಿ ಪಾಲುಗಾರ ಎಂದು ಇದರ ಅರ್ಥ. ಹಳ್ಳಿಯ ನೇಕಾರ, ಪಿಂಜಾರ, ಟಾಂಗಾ ಹೊಡೆಯುವವ, ಸಾಲದಲ್ಲಿದ್ದ ಸಣ್ಣ ರೈತ, ಇವರ ಮನೆಯ ಒಲೆಯನ್ನು ಈ ದೊರೆತನ ಎಂದೂ ಉರಿಸಲಿಲ್ಲ. ಆದರೆ ಅದರ ಹೆಸರಿನ ಹೊಣೆ ಮಾತ್ರ ಅವರ ತಲೆಯ ಮೇಲೆ ಬಿತ್ತು. 1946ರಲ್ಲಿ ಲಾತೂರಿನ ವಕೀಲ ಕಾಸಿಮ್ ರಜ್ವಿ ಮಜ್ಲಿಸ್‌ನ ನಾಯಕತ್ವ ಹಿಡಿದ ಮೇಲೆ ಅದರ ಸ್ವಯಂಸೇವಕ ಪಡೆಯಾದ ರಜಾಕಾರರು ಆಯುಧ ಹಿಡಿದು ಊರೂರಿಗೆ ನುಗ್ಗಿದರು.

1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾಯಿತು. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಭಾರತದ ಒಕ್ಕೂಟಕ್ಕೆ ಸೇರದೆ, ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕಷ್ಟೇ ಸಹಿ ಹಾಕಿದರು. ಮುಂದಿನ ಹತ್ತು ತಿಂಗಳು ಗಡಿಯ ಹಳ್ಳಿಗಳಿಗೆ ಕೆಟ್ಟ ಕಾಲ. ಲೂಟಿ, ಬೆಂಕಿ, ಕೊಲೆ, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ಆ ಸೀಮೆಯವರು ಹೇಳುತ್ತಾರೆ. ಅದೇ ಜಿಲ್ಲೆಯ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ಮಲ್ಲಿಕಾರ್ಜುನ ಖರ್ಗೆಯವರ ತಾಯಿ ಮತ್ತು ಸಹೋದರಿ ಬಲಿಯಾದರು. ಬಾಲಕನಾಗಿದ್ದ ಅವರನ್ನು ತಂದೆ ಕರೆದುಕೊಂಡು ಪಾರಾದರು. 2024ರಲ್ಲಿ ಈ ವಿಷಯ ರಾಜಕೀಯ ಚರ್ಚೆಗೆ ಬಂದಾಗ ಅವರ ಮಗ ಪ್ರಿಯಾಂಕ್ ಖರ್ಗೆ, ಆ ಕೃತ್ಯ ರಜಾಕಾರರದು, ಇಡೀ ಮುಸ್ಲಿಂ ಸಮುದಾಯದ್ದಲ್ಲ ಎಂದು ಬಹಿರಂಗವಾಗಿ ಹೇಳಿದರು. ಅಜ್ಜಿಯನ್ನು ಕಳೆದುಕೊಂಡ ಮನೆಯಿಂದ ಬಂದ ಈ ಮಾತಿನ ತೂಕ ನಮಗೆ ಗೊತ್ತಿರಬೇಕು.

ಜೀವ ಉಳಿಸಿಕೊಳ್ಳಲು ಜನ ಗಡಿ ದಾಟಿದರು. ಸೊಲ್ಲಾಪುರ, ಬಿಜಾಪುರ, ಧಾರವಾಡ ಜಿಲ್ಲೆಗಳಿಗೆ ಗುಂಪುಗುಂಪಾಗಿ ನಿರಾಶ್ರಿತರು ಬಂದರು. ಬೇಸಿಗೆಯಲ್ಲಿ ಭೀಮೆ ಸೊರಗಿದ್ದಾಗ ಕಾಲ್ನಡಿಗೆಯಲ್ಲೇ ಹೊಳೆ ದಾಟಬಹುದು; ಮಳೆಗಾಲದಲ್ಲಿ ಹರಿಗೋಲೇ ಗತಿ. ಕೈಯಲ್ಲಿದ್ದ ಹಾಲಿ ರೂಪಾಯಿಗೆ ಈ ಕಡೆ ಕಲದಾರದ ಬೆಲೆ ಸಿಗುತ್ತಿರಲಿಲ್ಲ. ಏಳು ಹಾಲಿ ಕೊಟ್ಟರೆ ಆರು ಕಲದಾರ ಎಂಬುದು ಹೆಚ್ಚುಕಡಿಮೆ ಲೆಕ್ಕ. ಮುಂಗಾರಿಗೆ ಮುಂಚೆ ಊರು ಬಿಟ್ಟವನ ಹೊಲ ಬಿತ್ತದೆ ಉಳಿಯಿತು. ಗಡಿಯ ಈಚೆ ಮುಂಡರಗಿ, ಗಜೇಂದ್ರಗಡ ಮೊದಲಾದ ಕಡೆ ಹೋರಾಟಗಾರರ ಶಿಬಿರಗಳು ಎದ್ದವು. ಅಲ್ಲಿಂದ ಹೊರಟ ತಂಡಗಳು ನಿಜಾಮರ ನಾಕಾಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದವು.

ಈ ಕಾಲದಲ್ಲಿ ಮುಸ್ಲಿಮರೆಲ್ಲ ಬಾಯಿ ಮುಚ್ಚಿಕೊಂಡಿದ್ದರು ಎನ್ನುವುದು ಸುಳ್ಳು. ಹೈದರಾಬಾದಿನ ಉರ್ದು ಪತ್ರಿಕೆ ‘ಇಮ್ರೋಜ್’ನ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರನ್ನು ಖಂಡಿಸಿ, ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದರು. 1948ರ ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಹೋಗುತ್ತಿದ್ದಾಗ ಅವರಿಗೆ ಗುಂಡು ಹಾರಿಸಿದರು, ಬರೆಯುವ ಕೈಯನ್ನು ಕತ್ತರಿಸಿದರು. ನಿಜಾಮ್ ಸರ್ಕಾರದ ಕಂದಾಯ ಅಧಿಕಾರಿಯಾಗಿದ್ದ ಫರೀದ್ ಮಿರ್ಜಾ ರಜಾಕಾರರ ಅಟ್ಟಹಾಸವನ್ನು ಪ್ರತಿಭಟಿಸಿ ನೌಕರಿಗೆ ರಾಜೀನಾಮೆ ಕೊಟ್ಟರು. ತಾವು ಕಂಡದ್ದನ್ನು ಮುಂದೆ ಪುಸ್ತಕವಾಗಿ ಬರೆದಿಟ್ಟರು. ಕವಿ ಮಖ್ದೂಮ್ ಮೊಹಿಯುದ್ದೀನ್ ನಿಜಾಮರ ಆಳ್ವಿಕೆಯ ವಿರುದ್ಧ ರೈತರ ಜೊತೆ ನಿಂತರು. ನಮ್ಮ ಮಕ್ಕಳಿಗೆ ಕಾಸಿಮ್ ರಜ್ವಿಯ ಹೆಸರು ಗೊತ್ತಿದ್ದು ಈ ಹೆಸರುಗಳು ಗೊತ್ತಿಲ್ಲದಿದ್ದರೆ ಅದು ಬೇರೆ ಯಾರ ತಪ್ಪೂ ಅಲ್ಲ, ಸಮುದಾಯದ್ದೇ.

ಎರಡನೆಯ ವಲಸೆ

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾಗತಿ ಸಾರಿದರು. ಐದು ದಿನಗಳಲ್ಲಿ ಯುದ್ಧ ಮುಗಿಯಿತು. ರಜಾಕಾರರ ಕಾಟದಿಂದ ಓಡಿಹೋಗಿದ್ದವರು ಊರಿಗೆ ಮರಳುವ ದಾರಿ ತೆರೆಯಿತು. ಅದು ನಿಜವಾದ ಬಿಡುಗಡೆ, ಅದನ್ನು ಅಲ್ಲಗಳೆಯುವ ಮನಸ್ಸು ನಮಗಿಲ್ಲ.

ಆದರೆ ಅದೇ ವಾರಗಳಲ್ಲಿ ಆ ಹಳ್ಳಿಗಳ ಮುಸ್ಲಿಮರಿಗೆ ಓಡುವ ಸರದಿ ಬಂತು. ರಜಾಕಾರರಲ್ಲಿ ಅನೇಕರು ಮೊದಲೇ ತಲೆಮರೆಸಿಕೊಂಡಿದ್ದರು. ಸೇಡಿಗೆ ಸಿಕ್ಕಿದ್ದು ಊರಲ್ಲೇ ಉಳಿದ ಬಡವರು. ಪ್ರಧಾನಿ ನೆಹರೂ ಅವರ ಕೋರಿಕೆಯಂತೆ ಪಂಡಿತ್ ಸುಂದರ್‌ಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಈ ವಿಷಯ ತಿಳಿಯಲು ಸಂಸ್ಥಾನಕ್ಕೆ ಬಂದರು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ 16 ಜಿಲ್ಲೆಗಳ ಪೈಕಿ 9ರಲ್ಲಿ ತಿರುಗಾಡಿದರು. ತಾವು ಹೋಗಲಾಗದ ನೂರಕ್ಕೂ ಹೆಚ್ಚು ಹಳ್ಳಿಗಳಿಂದ ಬಂದ ಐನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂಬುದು ಅವರ ಅಂದಾಜು. ಉಸ್ಮಾನಾಬಾದ್, ಕಲಬುರ್ಗಿ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ ಎಂದು ಬರೆದರು. ಕಲಬುರ್ಗಿ ಎಂದರೆ ನಮ್ಮ ಹೊಳೆಯ ಆಚೆ ದಡ.

ವರದಿಯಲ್ಲಿ ಕೊಲೆಯಷ್ಟೇ ಇಲ್ಲ. ಲೂಟಿ, ಬಲಾತ್ಕಾರ, ಬಲವಂತದ ಮತಾಂತರ, ಹೆಣ್ಣುಮಕ್ಕಳ ಅಪಹರಣಗಳ ಉಲ್ಲೇಖವಿದೆ. ಸೊಲ್ಲಾಪುರ ಮೊದಲಾದ ಗಡಿಯಾಚೆಯ ಊರುಗಳಿಂದ ಬಂದ ಗುಂಪುಗಳೂ ಇದರಲ್ಲಿ ಸೇರಿದ್ದವೆಂಬ ಮಾತಿದೆ. ರಜಾಕಾರರು ಹಿಂದೂಗಳ ಮೇಲೆ ಮಾಡಿದ ದೌರ್ಜನ್ಯವನ್ನೂ ಅವರು ಮರೆಮಾಚಲಿಲ್ಲ. ಇನ್ನೊಂದು ಸಂಗತಿಯನ್ನು ನಾವು ಒತ್ತಿ ಹೇಳಬೇಕು. ಹಿಂದೂಗಳು ಮುಸ್ಲಿಂ ನೆರೆಯವರನ್ನು ಜೀವದ ಹಂಗು ತೊರೆದು ಕಾಪಾಡಿದ ಅನೇಕ ಪ್ರಸಂಗಗಳನ್ನು ಆ ವರದಿ ದಾಖಲಿಸಿದೆ. ಒಂದೇ ಕಸುಬಿನವರ ನಡುವೆ ಈ ಬಾಂಧವ್ಯ ಹೆಚ್ಚಾಗಿತ್ತು. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ನಿಂತು, ಕೆಲವೆಡೆ ತಮ್ಮ ಪ್ರಾಣವನ್ನೇ ಕೊಟ್ಟರು. ಅಪಹರಣವಾದ ಹೆಣ್ಣುಮಕ್ಕಳನ್ನು ಹುಡುಕಿ ತರಲು ಹಿಂದೂಗಳು ನೆರವಾದರು. ಇವರೆಲ್ಲ ನಮ್ಮ ಉಸ್ಮಾನ್ ಬಿನ್ ತಲ್ಹಾಗಳು. ಆದರೆ ವರದಿಯಲ್ಲಿ ಅವರದು ಬರೀ ‘ನೇಕಾರರು’ ಎಂಬ ಒಟ್ಟು ಹೆಸರು. ಒಬ್ಬೊಬ್ಬರ ಹೆಸರು ಗೊತ್ತಿದ್ದದ್ದು ಬದುಕುಳಿದ ಮನೆಗಳಿಗೆ ಮಾತ್ರ.

ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ಅದರ ಪೂರ್ಣ ಪಾಠ ಸಾಮಾನ್ಯ ಓದುಗರ ಕೈಗೆ ಬಂದದ್ದು ಎ.ಜಿ. ನೂರಾನಿ ಅವರ ಪುಸ್ತಕದ ಅನುಬಂಧದಲ್ಲಿ, ಆರು ದಶಕಗಳು ಕಳೆದ ಮೇಲೆ. ಅಷ್ಟರೊಳಗೆ ಆ ಹಳ್ಳಿಗಳಿಂದ ಹೈದರಾಬಾದ್ ನಗರಕ್ಕೆ, ಕಲಬುರ್ಗಿಯಂಥ ದೊಡ್ಡ ಊರುಗಳಿಗೆ, ನಂಟರಿದ್ದ ಕಡೆಗೆ ಹೋಗಿ ನೆಲೆಸಿದವರ ಮಕ್ಕಳು ಮುದುಕರಾಗಿದ್ದರು.

ಬರೆದವರು ಯಾರು?

ಈ ಕಾಲದ ಬಗ್ಗೆ ನೆನಪಿನ ಪುಸ್ತಕಗಳು ಇಲ್ಲದಿಲ್ಲ. ಸ್ಟೇಟ್ ಕಾಂಗ್ರೆಸ್‌ನ ನಾಯಕ ಸ್ವಾಮಿ ರಮಾನಂದ ತೀರ್ಥರು ಹೈದರಾಬಾದ್ ಸ್ವಾತಂತ್ರ್ಯ ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದರು, ಅದು 1967ರಲ್ಲಿ ಪ್ರಕಟವಾಯಿತು. ಅವರು 1903ರಲ್ಲಿ ನಮ್ಮ ಸಿಂದಗಿಯಲ್ಲಿ ಹುಟ್ಟಿದವರು, ಪೂರ್ವಾಶ್ರಮದ ಹೆಸರು ವ್ಯಂಕಟೇಶ ಖೇಡಗೀಕರ. ಗಡಿಯ ಈಚೆ ಹುಟ್ಟಿ ಆಚೆಯ ಜನರ ಬಿಡುಗಡೆಗಾಗಿ ಹಲವು ಸಲ ಸೆರೆಮನೆ ಕಂಡರು. 1948ರ ಬಹುಭಾಗವೂ ಅವರಿಗೆ ಸೆರೆಯಲ್ಲೇ ಕಳೆಯಿತು. ಭಾರತ ಸರ್ಕಾರದ ಪ್ರತಿನಿಧಿಯಾಗಿ ಹೈದರಾಬಾದಿನಲ್ಲಿದ್ದ ಕೆ.ಎಂ. ಮುನ್ಶಿ ತಮ್ಮ ನೆನಪುಗಳನ್ನು ಬರೆದರು. ನಿಜಾಮರ ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿ ಗೃಹಬಂಧನದಿಂದ 1950ರ ಮಾರ್ಚ್‌ನಲ್ಲಿ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿ, 1962ರಲ್ಲಿ ತಮ್ಮ ಕಡೆಯ ಕಥೆ ಪ್ರಕಟಿಸಿದರು. ಉಸ್ಮಾನಾಬಾದಿನ ಜಿಲ್ಲಾಧಿಕಾರಿಯಾಗಿದ್ದ ಮೊಹಮ್ಮದ್ ಹೈದರ್ ಪೊಲೀಸ್ ಕಾರ್ಯಾಚರಣೆಯ ಬಳಿಕ ಸೆರೆವಾಸ ಅನುಭವಿಸಿದರು. ಗಡಿಯ ದಾಳಿಗಳು, ರಜಾಕಾರರ ಉಪಟಳ, ನಡುವೆ ಸಿಕ್ಕ ಆಡಳಿತದ ಪಾಡು, ಇವುಗಳ ಬಗ್ಗೆ ಅವರು ಬರೆದಿಟ್ಟದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 2012ರಲ್ಲಿ ಪುಸ್ತಕವಾಯಿತು.

ಇವು ನಾಲ್ಕು ಕಡೆಯಿಂದ ನೋಡಿದ ನಾಲ್ಕು ನೋಟಗಳು. ಒಂದನ್ನೇ ಓದಿದವನು ಅರ್ಧ ಮಾತ್ರ ತಿಳಿದವನಾಗುತ್ತಾನೆ. ಸ್ವಾಮೀಜಿಯ ಪುಸ್ತಕ ಓದುವ ಮುಸ್ಲಿಮನಿಗೂ, ಹೈದರ್ ಸಾಹೇಬರ ಪುಸ್ತಕ ಓದುವ ಹಿಂದೂವಿಗೂ ಕೆಲವು ಪುಟ ಕಷ್ಟವಾಗುತ್ತವೆ. ಕಷ್ಟವಾದರೂ ಓದಬೇಕು. ಸ್ವಂತದವರಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ಹೇಳಬೇಕೆಂಬ ಆದೇಶ ಅನ್ನಿಸಾ ಅಧ್ಯಾಯದಲ್ಲಿದೆ. ಯಾರದೋ ಮೇಲಿನ ದ್ವೇಷ ನಮ್ಮನ್ನು ನ್ಯಾಯದಿಂದ ಕದಲಿಸಬಾರದೆಂಬ ಎಚ್ಚರಿಕೆ ಅಲ್‌ಮಾಇದಾದಲ್ಲಿದೆ. ಇವು ಖುತ್ಬಾದಲ್ಲಿ ಕೇಳಿ ಮನೆಗೆ ಹೋಗುವುದಕ್ಕಷ್ಟೇ ಇರುವ ಮಾತುಗಳಲ್ಲ.

ಈ ಲೇಖಕರೆಲ್ಲ ನಾಯಕರು, ಮಂತ್ರಿಗಳು, ಅಧಿಕಾರಿಗಳು. ರಾತ್ರೋರಾತ್ರಿ ಗಂಟುಮೂಟೆ ಹೊತ್ತು ಹೊಳೆ ದಾಟಿದ ರೈತ ಬರೆಯಲಿಲ್ಲ, ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಹೆಂಗಸರು ಬರೆಯಲಿಲ್ಲ. ಮುಸ್ಲಿಂ ಮನೆಗಳಲ್ಲಿ ಭಯವೂ ಇತ್ತು: ಆ ವಿಷಯ ಎತ್ತಿದರೆ ರಜಾಕಾರರ ಕಡೆಯವರೆಂದು ಬೆರಳು ತೋರಿಸಿಯಾರು ಎಂಬ ಭಯ. ಹೆಣ್ಣುಮಕ್ಕಳಿಗೆ ಆದದ್ದನ್ನು ಹೇಳಿದರೆ ಮನೆತನದ ಮಾನ ಹೋದೀತೆಂಬ ಸಂಕೋಚವೂ ಇತ್ತು. ಭಾಷೆಯ ತೊಡಕೂ ಸೇರಿತು: ಅಜ್ಜ ಕಲಿತದ್ದು ಉರ್ದು, ಮೊಮ್ಮಗ ಓದುವುದು ಕನ್ನಡ. ಅಜ್ಜ ಬರೆದಿಟ್ಟ ಚೀಟಿ ಇದ್ದರೂ ಮೊಮ್ಮಗನಿಗೆ ಅದು ಗೆರೆಗಳ ಗೋಜಲು.

ಬರೆಯದೆ ಉಳಿದ ನೆನಪು ಸುಮ್ಮನೆ ಕೂತಿರುವುದಿಲ್ಲ. ಪ್ರತಿ ಸೆಪ್ಟೆಂಬರ್ 17ಕ್ಕೆ ಕಲಬುರ್ಗಿ ವಿಭಾಗದಲ್ಲಿ ಧ್ವಜ ಏರುತ್ತದೆ. ಆಗ ಕೆಲವರು ಇಡೀ ಮುಸ್ಲಿಂ ಸಮುದಾಯವನ್ನು ರಜಾಕಾರರ ಸಂತತಿ ಎನ್ನುತ್ತಾರೆ. ಅದಕ್ಕೆ ಉತ್ತರವಾಗಿ ನಮ್ಮಲ್ಲಿ ಕೆಲ ಯುವಕರು ರಜಾಕಾರರು ಏನೂ ಮಾಡಿರಲಿಲ್ಲ, ಎಲ್ಲ ಕಟ್ಟುಕಥೆ ಎನ್ನುತ್ತಾರೆ. ಇಬ್ಬರಿಗೂ ಆಗ ಏನಾಯಿತು ಎಂಬುದು ಬೇಕಿಲ್ಲ. ಗೋರಟಾದ ಹೆಣಗಳನ್ನು ಅಲ್ಲಗಳೆಯುವವನು ಕಲಬುರ್ಗಿಯ ಹೆಣಗಳಿಗೆ ನ್ಯಾಯ ಕೇಳುವ ಹಕ್ಕು ಕಳೆದುಕೊಳ್ಳುತ್ತಾನೆ. ಅದರ ತಿರುವುಮುರುವೂ ಅಷ್ಟೇ ಸತ್ಯ.

ನಮ್ಮಿಂದ ಆಗುವ ಕೆಲಸ

1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಬಂದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಅಂಥವರು ಇನ್ನೂ ಒಬ್ಬಿಬ್ಬರು ಸಿಕ್ಕಾರು. ಅವರ ಮಾತನ್ನು ಈಗ ಬರೆದುಕೊಳ್ಳದಿದ್ದರೆ ಮತ್ತೆ ಆಗುವುದಿಲ್ಲ. ಇದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ, ಕಾಲೇಜಿಗೆ ಹೋಗುವ ಒಬ್ಬ ಹುಡುಗ ಅಥವಾ ಹುಡುಗಿ, ಒಂದು ನೋಟ್‌ಬುಕ್, ಒಂದು ಮೊಬೈಲ್ ಸಾಕು.

ಅಜ್ಜನ ಎದುರು ಕೂತು ‘ಯಾರು ತಪ್ಪು ಮಾಡಿದರು’ ಎಂದು ಶುರು ಮಾಡಬಾರದು. ಯಾವ ಊರಲ್ಲಿದ್ದಿರಿ, ಮನೆಯಲ್ಲಿ ಯಾರ್‍ಯಾರಿದ್ದರು, ಏನು ಕಸುಬು, ಹೊರಡುವಾಗ ಏನು ಹೊತ್ತುಕೊಂಡಿರಿ, ಯಾವ ದಡದಿಂದ ಹೊಳೆ ದಾಟಿದಿರಿ, ದಾರಿಯಲ್ಲಿ ಯಾರು ರೊಟ್ಟಿ ಕೊಟ್ಟರು, ಯಾರು ಬಾಗಿಲು ಹಾಕಿಕೊಂಡರು, ತಿರುಗಿ ಹೋದಾಗ ಹೊಲ ಯಾರ ಕೈಯಲ್ಲಿತ್ತು ಎಂದು ಕೇಳಬೇಕು. ಅವರು ದಖ್ನಿಯಲ್ಲಿ ಹೇಳಿದರೆ ದಖ್ನಿಯಲ್ಲೇ, ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ, ಅವರ ಮಾತಿನಲ್ಲೇ ಬರೆಯಬೇಕು. ನಡುವೆ ತಿದ್ದಬಾರದು. ಅಜ್ಜಿಯರ ಹತ್ತಿರ ಮನೆಯ ಹೆಣ್ಣುಮಕ್ಕಳೇ ಕೂತು ಕೇಳಲಿ. ಅವರು ಬೇಡವೆಂದ ಮಾತನ್ನು ಅಲ್ಲಿಗೇ ಬಿಡಲಿ, ಯಾರ ಹೆಸರನ್ನು ಮುಚ್ಚಿಡು ಎನ್ನುತ್ತಾರೋ ಅದನ್ನು ಮುಚ್ಚಿಡಲಿ.

ಹಿರಿಯರು ಇಸವಿ, ತಾರೀಖು ಹೇಳುವುದಿಲ್ಲ. ಹಬ್ಬ, ಬಿತ್ತನೆ, ಚಂದ್ರನ ಲೆಕ್ಕ ಹೇಳುತ್ತಾರೆ. ಅದೂ ಒಳ್ಳೆಯ ಲೆಕ್ಕವೇ. 1948ರಲ್ಲಿ ರಂಜಾನ್ ಈದ್ ಬಂದದ್ದು ಆಗಸ್ಟ್ ಮೊದಲ ವಾರದ ಹೊತ್ತಿಗೆ. ಅಂದರೆ ‘ರೋಜಾ ದಿನಗಳಲ್ಲಿ ಗಲಾಟೆ ಆಯಿತು’ ಎಂದರೆ ಅದು ರಜಾಕಾರರ ಕಾಲ. ಸೇನೆ ಒಳಬಂದ ದಿನಗಳು ಗಣೇಶ ಚೌತಿಯ ನಂತರದವು, ಹುಣ್ಣಿಮೆಗೆ ಹತ್ತಿರ. ‘ಬೆಳದಿಂಗಳಲ್ಲಿ ನಡೆದೆವು’ ಎಂದವರ ಮಾತು ಇದಕ್ಕೆ ಹೊಂದೀತು. ಬಿಳಿಜೋಳ ಬಿತ್ತುವ ಹಿಂಗಾರಿ ಕಾಲವೂ ಅದರ ಬೆನ್ನಿಗೇ ಬರುತ್ತದೆ. ಆ ಹೊತ್ತಿಗೆ ಓಡಿಹೋದ ಮನೆಗೆ ಮುಂದಿನ ವರ್ಷದ ರೊಟ್ಟಿಯೂ ಹೋಯಿತು. ಆ ವರ್ಷ ದಸರಾ ಮತ್ತು ಬಕ್ರೀದ್ ಅಕ್ಟೋಬರಿನ ಒಂದೇ ವಾರದಲ್ಲಿ ಬಂದವು. ಆ ವಾರ ಊರು ಹೇಗಿತ್ತು, ಯಾರ ಮನೆಯಲ್ಲಿ ಹಬ್ಬ ಆಯಿತು, ಯಾರ ಮನೆಯಲ್ಲಿ ಆಗಲಿಲ್ಲ ಎಂದು ಕೇಳಿದರೆ ಮುಚ್ಚಿದ ಎಷ್ಟೋ ಬಾಗಿಲುಗಳು ತೆರೆದಾವು.

ಈ ಕೆಲಸ ನಮ್ಮ ಮೊಹಲ್ಲಾಗಳಿಗೆ ನಿಲ್ಲಬಾರದು. ರಜಾಕಾರರ ಕಾಲದಲ್ಲಿ ಗಡಿ ದಾಟಿ ಬಂದು ನಮ್ಮ ತಾಲೂಕುಗಳಲ್ಲೇ ಉಳಿದ ಹಿಂದೂ ಮನೆತನಗಳಿದ್ದರೆ ಅವರ ಹಿರಿಯರ ಹತ್ತಿರವೂ ಹೋಗಿ ಕೂರೋಣ. ಮುಸ್ಲಿಂ ಹುಡುಗನೊಬ್ಬ ಬಂದು, ಅಜ್ಜಾ, ನಿಮಗೆ ಆದದ್ದನ್ನು ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದರೆ ಆ ಮನೆಯಲ್ಲಿ ಅದು ಸಣ್ಣ ಸಂಗತಿಯಾಗಲಾರದು. ಆ ಕಡೆಯಿಂದಲೂ ಯಾರಾದರೂ ನಮ್ಮ ದಾದಿಯರ ಮಾತು ಕೇಳಲು ಬಂದಾರು.

ಈ ನೆಲಕ್ಕೆ ಇದು ಹೊಸದಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಜೊತೆ ಕಲ್ಯಾಣದಲ್ಲಿ ಸೇರಿದ್ದ ಶರಣರು ಹನ್ನೆರಡನೆಯ ಶತಮಾನದಲ್ಲಿ ದೊರೆಯ ಕೋಪಕ್ಕೆ ಸಿಕ್ಕಿ ಚದುರಿದರು. ಚೆನ್ನಬಸವಣ್ಣನವರೊಂದಿಗೆ ಒಂದು ಗುಂಪು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯತ್ತ ನಡೆಯಿತೆಂದು ಪರಂಪರೆ ಹೇಳುತ್ತದೆ. ಓಡುವಾಗಲೂ ಅವರು ಮಾತನ್ನು ಬಿಟ್ಟು ಹೋಗಲಿಲ್ಲ. ಉಮ್ಮು ಸಲಮಾ(ರ) ಅವರಿಗೆ ಹೇಗೋ ಶರಣರಿಗೂ ಹಾಗೆಯೇ, ಅಕ್ಷರ ಮತ್ತು ನೆನಪು ದಬ್ಬಾಳಿಕೆಗಿಂತ ಹೆಚ್ಚು ದಿನ ಬಾಳಿದವು.

1956ರ ನವೆಂಬರ್ 1ರಂದು ನಮ್ಮ ದಡವೂ ಆಚೆಯ ದಡವೂ ಒಂದೇ ರಾಜ್ಯವಾದವು. ನಾಕಾಗಳಿಲ್ಲ, ಹಾಲಿ ಸಿಕ್ಕಾ ಅಜ್ಜಿಯರ ಪೆಟ್ಟಿಗೆಯ ತಳ ಸೇರಿದೆ. ಹಿರಿಯರ ಎದೆಯಲ್ಲಿ ಉಳಿದಿರುವ ಗಡಿಯನ್ನು ದಾಟುವುದು ಅವರ ಮಾತು ಕೇಳುವುದರಿಂದ. ಮುಂದಿನ ಜುಮಾ ಮುಗಿಸಿ ಹೊರಬರುವಾಗ ಮಸೀದಿಯ ಮೆಟ್ಟಿಲ ಮೇಲೆ ಕೂತಿರುವ ಅತ್ಯಂತ ಹಿರಿಯರಿಗೆ ಸಲಾಮ್ ಹೇಳಿ, ಆ ವರ್ಷ ನೀವೆಲ್ಲಿದ್ದಿರಿ ಎಂದು ಕೇಳೋಣ. ಅವರು ಹೇಳುವುದು ನಮಗೆ ಇಷ್ಟವಾಗದಿದ್ದರೂ ಕೊನೆಯವರೆಗೆ ಕೇಳುವ ತಾಳ್ಮೆಯನ್ನು, ಕೇಳಿದ್ದನ್ನು ಕೂಡಿಸದೆ ಕಳೆಯದೆ ಬರೆಯುವ ಪ್ರಾಮಾಣಿಕತೆಯನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.